ಗೋದಕ್ಕನ ಮೊಣಕಾಲ ಕೆಳಗೆ

ನಾನು ಒಂದು ಪೆಡಲ್. ಸೈಕಲ್ಲಿನದು ಅಂದುಕೊಳ್ಳಬೇಡಿ ಮತ್ತೆ. ಕರೆಂಟಿನ ಹೊಲಿಗೆ ಮಿಷನ್ನಿನದು. ಅಂಗೈಯಗಲದ ಕಪ್ಪು ಮೈ, ಹೊಟ್ಟೆಯಲ್ಲೊಂದು ಸ್ಪ್ರಿಂಗು, ಹಿಂದೆ ಉದ್ದನೆಯ ವೈರು. ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿ, ಧಾರವಾಡದ ದರ್ಜಿ ಮಕ್ತುಂಸಾಬರ ಕಾಲ ಕೆಳಗೆ ಬಂದು ಬಿದ್ದೆ. ಒತ್ತಿದರೆ ಮಿಷನ್ ಓಡಬೇಕು, ಬಿಟ್ಟರೆ ನಿಲ್ಲಬೇಕು. ನನ್ನ ವಿದ್ಯೆ ಇಷ್ಟೇ. ಮಿಷನ್ ಸುಟ್ಟುಹೋದ ಮೇಲೆ ಗುಜರಿ ಸೇರಬೇಕಿದ್ದ ನನ್ನನ್ನು ವಾಮನರಾಯರು ಕೇಳಿ ತೆಗೆದುಕೊಂಡು ಹೋದರು.

ಈ ವಾಮನರಾಯರದು ವಿಚಿತ್ರ ಸಂಗೀತ. ತಾವು ಹಾಡುವವರಲ್ಲ, ಬಾರಿಸುವವರಲ್ಲ. ಮೊದಲೆಲ್ಲ ರೈಲಿನ ಸದ್ದು, ಒರಳಿನ ಸದ್ದು, ನಲ್ಲಿಯ ಸದ್ದು ಹಿಡಿದು ತಂದು, ಟೇಪು ಕತ್ತರಿಸಿ ಅಂಟಿಸಿ ರಚನೆ ಕಟ್ಟುತ್ತಿದ್ದರಂತೆ. ಊರು ನಕ್ಕಿತು. ಆಮೇಲೆ ಕಂಪ್ಯೂಟರ್ ಬಂತು. ಹಾಡುವವರನ್ನು ಅದು ಕೇಳಿಸಿಕೊಳ್ಳಬೇಕು, ಅವರ ಸ್ವರವನ್ನೇ ಎಳೆದು, ತಿರುವಿ, ಸಭೆಯಲ್ಲೇ ಉತ್ತರ ಕೊಡಬೇಕು. ಇದು ಅವರ ಹುಚ್ಚು. ಅದರ ಎದುರು ಕೂತು ಹಾಡಲು ಯಾವ ಗವಾಯಿಯೂ ಒಪ್ಪಲಿಲ್ಲ. ಒಪ್ಪಿದ್ದು ಅವರ ಅಕ್ಕ ಗೋದಾವರಿಬಾಯಿ ಒಬ್ಬರೇ.

"ನಾ ಹಾಡೂ ಮುಂದ ಅದು ನಡುವ ಬಾಯಿ ಹಾಕಿದ್ರ?" ಎಂದು ಅಕ್ಕ ಕೇಳಿದರು.

"ಹಾಕೂದಿಲ್ಲಕ್ಕಾ. ನೀ ಇದನ್ನ ಒತ್ತಿದಾಗಷ್ಟ ಅದು ಹಾಡತದ. ಒತ್ತಲಿಲ್ಲಂದ್ರ ಸುಮ್ಮ ಕೂಡತದ. ನಿನ್ನಾಣಿ" ಎಂದು ವಾಮನರಾಯರು ನನ್ನನ್ನು ಅವರ ಪಾದದ ಹತ್ತಿರ ಇಟ್ಟರು.

"ಥೂ, ವಾದ್ಯಕ್ಕ ಕಾಲ ಹಚ್ಚೂದೇನೋ ವಾಮ್ಯಾ!"

ಗೋದಕ್ಕ ನನ್ನನ್ನು ಎತ್ತಿ ಕಣ್ಣಿಗೊತ್ತಿಕೊಂಡರು. ಚಪ್ಪಲಿಯ ಧೂಳು ಬಿಟ್ಟರೆ ಬೇರೇನೂ ಕಾಣದವನು ನಾನು! ನಾನೂ ಒಂದು ವಾದ್ಯವೆಂದು ಅವತ್ತೇ ತಿಳಿದದ್ದು. ಅವರು ಚಕ್ಕಳಮಕ್ಕಳ ಹಾಕಿ ಕೂತು, ಬಲ ಮೊಣಕಾಲ ಕೆಳಗೆ ನನ್ನನ್ನಿಟ್ಟುಕೊಂಡರು. ಅಲ್ಲಿಂದ ಅದೇ ನನ್ನ ಜಾಗವಾಯಿತು.

ಎಂಥ ವರ್ಷಗಳು ಅವು! ಪುಣೆ, ಮುಂಬಯಿ, ಪರದೇಶ ಎಲ್ಲ ಸುತ್ತಿದೆವು. ನಕ್ಕವರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಯುಧಪೂಜೆಗೆ ತಂಬೂರಿಯ ಪಕ್ಕದಲ್ಲಿ ನನಗೂ ಚೆಂಡುಹೂವು. ಗೋದಕ್ಕ ಒಂದು ಸಾಲು ಹಾಡಿ, ಉಸಿರು ಹಿಡಿದು, ಮೊಣಕಾಲು ಇಳಿಸುತ್ತಿದ್ದರು. ತಮ್ಮನ ಯಂತ್ರ ಉತ್ತರ ಕೊಡುತ್ತಿತ್ತು. ನಡುವಿನ ಆ ಒಂದು ಉಸಿರು ಪೂರ್ತಿ ಅವರದು.

ಆಮೇಲೆ ಮೊಣಕಾಲಿಗೆ ಬಾವು ಬಂತು. ಪುಣೆಯಲ್ಲಿ ಅವರು ಒತ್ತಿದರೆ ನನ್ನ ಸ್ಪ್ರಿಂಗು ಇಳಿಯಲೇ ಇಲ್ಲ. ಯಂತ್ರ ಮೂಕವಾಗಿ ಕೂತಿತು. ವೇದಿಕೆಯ ಹಿಂದೆ ಅವರು ಮುಖಕ್ಕೆ ಸೆರಗು ಮುಚ್ಚಿಕೊಂಡು, "ನನ್ನಿಂದ ನಿನ್ನ ಮರ್ಯಾದಿ ಹೋತಲ್ಲೋ" ಎಂದು ಅತ್ತರು.

ವಾಮನರಾಯರಿಗೆ ಅದನ್ನು ನೋಡಲಾಗಲಿಲ್ಲ. ಅಕ್ಕ ಯಾವ ಸ್ವರದ ಮೇಲೆ, ಎಷ್ಟು ನಿಂತು ಒತ್ತುತ್ತಾರೆ ಎಂಬುದನ್ನೂ ಯಂತ್ರಕ್ಕೆ ಕಲಿಸಿಬಿಟ್ಟರು; ಇನ್ನು ನಾನು ಇಳಿಯದಿದ್ದರೂ ಅದು ತಾನೇ ಹಾಡಬೇಕು. ಮುಂದಿನ ಕಚೇರಿಗೆ ಮೊದಲು ನನ್ನ ವೈರನ್ನು ಯಂತ್ರದಿಂದ ಕಿತ್ತು, ತುದಿಯನ್ನು ಜಮಖಾನದ ಕೆಳಗೆ ಸರಿಸಿದರು. "ಹೇಳಿದ್ರ ಮನಸಿಗೆ ಹಚ್ಚಿಕೋತಾಳ" ಎಂದು ತಮ್ಮಷ್ಟಕ್ಕೆ ಗೊಣಗಿದರು. ಗೋದಕ್ಕ ಬಂದು ಕೂತರು, ಹಾಡಿದರು, ಒತ್ತಿದರು. ನಾನು ಕೂದಲೆಳೆಯಷ್ಟೂ ಇಳಿಯಲಿಲ್ಲ. ಯಂತ್ರ ಸರಿಯಾಗಿ ಉತ್ತರ ಕೊಟ್ಟಿತು.

"ನೋಡಿದ್ಯಾ ವಾಮ್ಯಾ, ನನ್ನ ಮೊಣಕಾಲಾಗ ಇನ್ನೂ ಜೀವ ಅದ!" ಎಂದು ಹುಡುಗಿಯ ಹಾಗೆ ನಕ್ಕರು. ಅಯ್ಯೋ, ವೈರು ಕಿತ್ತದ್ದು ನನಗೆ ಗೊತ್ತು. ಬಾಯಿಲ್ಲದ ನಾನು ಏನು ಹೇಳಲಿ?

ಹೀಗೇ ಕಚೇರಿಗಳು ನಡೆದವು. ಒಮ್ಮೆ ಧಾರವಾಡದಲ್ಲೇ ಕಾರ್ಯಕ್ರಮವಿತ್ತು. ಗೋದಕ್ಕ ಅವತ್ತು ತಮ್ಮ ತಾಯಿ ಬೀಸುವಾಗ ಹಾಡುತ್ತಿದ್ದ ಹಾಡು ಎತ್ತಿಕೊಂಡರು. ನಡುವೆ, ಯಾವಾಗಲೂ ಒತ್ತುವ ಸ್ವರದ ಮೇಲೆ ಬಂದು, ನಿಲ್ಲಿಸಿದರು. ಮೊಣಕಾಲನ್ನು ಬೇಕೆಂದೇ ನನ್ನ ಮೇಲಿಂದ ಎತ್ತಿ ಪಕ್ಕಕ್ಕೆ ಸರಿಸಿದರು. ಇಲ್ಲಿ ಯಾರೂ ಮಾತಾಡಬಾರದು ಎಂದು ಅದರ ಅರ್ಥ. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಯಂತ್ರ ಹಾಡಿತು.

ಗೋದಕ್ಕ ನನ್ನನ್ನು ನೋಡಿದರು. ಮೆಲ್ಲಗೆ ವೈರು ಎಳೆದರು. ಜಮಖಾನದ ಕೆಳಗಿನಿಂದ ಅದರ ಬರಿಯ ತುದಿ ಕೈಗೆ ಬಂತು. ವಾಮನರಾಯರು ತಲೆ ತಗ್ಗಿಸಿದರು. ಅಕ್ಕ ಸಭೆಗೆ ಕೈಮುಗಿದು ಎದ್ದು, ನನ್ನನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ ಬಂದುಬಿಟ್ಟರು.

ಮರುದಿನ ವಾಮನರಾಯರು ಬಂದರು. "ತಪ್ಪಾತಕ್ಕಾ. ಕಲಿಸಿದ್ದೆಲ್ಲಾ ತಗದು ಹಾಕೀನಿ. ವೈರು ಮತ್ತ ಹಚ್ಚತೇನಿ. ಖರೇನ ಹಚ್ಚತೇನಿ."

ಗೋದಕ್ಕ ಬೈಯಲಿಲ್ಲ. ಚಹಾ ಮಾಡಿ ಕೈಗೆ ಕೊಟ್ಟರು.

"ಹಚ್ಚತೀಯಪಾ. ಹಚ್ಚೀದಿ ಅನ್ನೂದು ನನಗ ಹೆಂಗ ಗೊತ್ತಾಗಬೇಕು?"

ವಾಮನರಾಯರು ಚಹಾದ ಲೋಟ ಕೆಳಗಿಟ್ಟು ಎದ್ದರು. ಆಮೇಲೆ ಹೊಸ ರಚನೆ ಮಾಡಲಿಲ್ಲ. ಆಯುಧಪೂಜೆಗೆ ಬರುತ್ತಾರೆ, ಉಣ್ಣುತ್ತಾರೆ, ನನ್ನ ಕಡೆ ನೋಡದೆ ಹೋಗುತ್ತಾರೆ.

ನನಗೂ ವಯಸ್ಸಾಯಿತು, ಸ್ಪ್ರಿಂಗಿಗೆ ತುಕ್ಕು ಹಿಡಿದಿದೆ. ತಂಬೂರಿಯ ಮೂಲೆಯಲ್ಲಿ ಬಿದ್ದಿರುತ್ತೇನೆ. ಬೆಳಿಗ್ಗೆ ಗೋದಕ್ಕ ಒಬ್ಬರೇ ಹಾಡಲು ಕೂಡುವಾಗ, ಏನು ಮನಸ್ಸೋ, ನನ್ನನ್ನೂ ಎಳೆದುಕೊಂಡು ಮೊಣಕಾಲ ಕೆಳಗಿಟ್ಟುಕೊಳ್ಳುತ್ತಾರೆ. ವೈರಿನ ತುದಿಯನ್ನು ಕಣ್ಣೆದುರೇ ಚಾಪೆಯ ಮೇಲೆ ಹಾಕಿಕೊಳ್ಳುತ್ತಾರೆ. ಒಂದು ಸಾಲು ಹಾಡಿ, ಉಸಿರು ಹಿಡಿದು, ನೋವು ನುಂಗಿ ಒತ್ತುತ್ತಾರೆ. ಆಮೇಲೆ, ತಮ್ಮನ ಉತ್ತರಕ್ಕೆ ಎಷ್ಟು ಹೊತ್ತು ಬಿಡುತ್ತಿದ್ದರೋ ಅಷ್ಟು ಹೊತ್ತು ಸುಮ್ಮನಿದ್ದು, ಮುಂದಿನ ಸಾಲು ಹಾಡುತ್ತಾರೆ.