ಹೊನ್ನಕ್ಕನ ಎರಡನೇ ಬಿತ್ತನೆ

ಹೊಳವನಹಳ್ಳಿ ಬಸ್ ಸ್ಟಾಪಿನ ಪಕ್ಕದಲ್ಲಿ ಹಬೀಬ್ ಸಾಬರದು ಬೀಜ, ಗೊಬ್ಬರದ ಅಂಗಡಿ. ಜುಲೈನ ಒಂದು ಬೆಳಿಗ್ಗೆ ಹೊನ್ನಕ್ಕ ಅಲ್ಲಿಗೆ ಬಂದವಳೇ ಗಿರಾಕಿಗಳ ಮುಂದೆ ಕೂಗಾಡಿದಳು.

"ಏನ್ ಜೋಳದ ಬೀಜ ಕೊಟ್ರಿ ಸಾಬ್ರೇ? ಬಿತ್ತಿ ಹನ್ನೆರಡು ದಿನ ಆಯ್ತು, ಹೊಲ ಬೋಳಾಗೈತೆ. ಹಾಳು ಬೀಜ ಮಾರಿ ನಮ್ ಹೊಟ್ಟೆ ಮೇಲೆ ಹೊಡೆದ್ಬುಟ್ರಿ!"

ಇಬ್ಬರು ಗಿರಾಕಿಗಳು ಕೈಲಿದ್ದ ಜೋಳದ ಪ್ಯಾಕೆಟ್ ಕೆಳಗಿಟ್ಟು ಹೊರಟುಹೋದರು. ಸಾಬರು ಮಗಳು ನಾಹಿದಾಳನ್ನು ಅಂಗಡಿಯಲ್ಲಿ ಕೂರಿಸಿ ಸ್ಕೂಟರ್ ತೆಗೆದರು.

"ಬನ್ನಿ, ಹೊಲ ನೋಡೋಣ."

ಒಂದೆಕರೆ ಹೊಲದಲ್ಲಿ ಬದುವಿನ ಅಂಚಿನ ಮೂರು ಸಾಲು ಮಾತ್ರ ಹಸಿರಾಗಿದ್ದವು. ಸಾಬರು ಬೋಳು ಸಾಲೊಂದರಲ್ಲಿ ಕೂತು ಮಣ್ಣು ಕೆದಕಿದರು. ಸಿಕ್ಕ ಕಾಳು ಊದಿಕೊಂಡಿತ್ತು. ಅದರ ಬೇರಿನ ತುದಿ ಸುಟ್ಟಂತೆ ಕಂದು ಬಣ್ಣಕ್ಕೆ ತಿರುಗಿತ್ತು.

"ಗೊಬ್ಬರ ಹೆಂಗೆ ಹಾಕಿದ್ರಿ ಹೊನ್ನಕ್ಕ?"

ಪ್ರತಿ ವರ್ಷ ಗಂಡ ಪಾಲಣ್ಣ ಗೊಬ್ಬರ ಹಾಕುತ್ತಿದ್ದ, ಅವಳು ಬೀಜ ಬಿಡುತ್ತಿದ್ದಳು. ಈ ಸಲ ಅವನು ಬಿದ್ದು ಕೈ ಮುರಿದುಕೊಂಡಿದ್ದ. ಬಾಡಿಗೆ ನೇಗಿಲಿನ ಹಿಂದೆ ಅವಳೊಬ್ಬಳೇ. ಹಾಗಾಗಿ ಬೀಜ, ಯೂರಿಯಾ, ಡಿಎಪಿ ಎಲ್ಲವನ್ನೂ ಪುಟ್ಟಿಯಲ್ಲಿ ಸ್ವಲ್ಪ ಸ್ವಲ್ಪವೇ ಕಲಸಿಕೊಂಡು ಒಟ್ಟಿಗೇ ಬಿಟ್ಟಿದ್ದಳು.

"ಈ ಮೂರು ಸಾಲಿಗೆ?"

"ಅಷ್ಟೊತ್ಗೆ ಗೊಬ್ಬರ ಮುಗಿದೋಗಿತ್ತು. ಬರೀ ಬೀಜ..." ಹೊನ್ನಕ್ಕ ಹಸಿರು ಸಾಲುಗಳ ಕಡೆ ತಿರುಗಿ ನೋಡಿದಳು.

"ಗೊಬ್ಬರ ಉಪ್ಪಿದ್ದಂಗೆ ಕಣಮ್ಮ. ಬೀಜಕ್ಕೆ ತಗುಲಿದ್ರೆ ಬೇರು ಸುಟ್ಟೋಗ್ತದೆ. ಮೂರು ಬೆರಳು ಪಕ್ಕಕ್ಕೆ, ಒಸಿ ಆಳಕ್ಕೆ ಬೀಳ್ಬೇಕು. ಯೂರಿಯಾ ಪೈರು ಎದ್ದು ತಿಂಗಳಾದ್ಮೇಲೆ ಹಾಕಿದ್ರಾಯ್ತು."

"ಹಂಗಾರೆ ಇನ್ನೊಂದು ಮೂಟೆ ಡಿಎಪಿ ತರ್ಬೇಕಾ?"

"ಬ್ಯಾಡ. ಹಾಕಿದ್ದು ಅಲ್ಲೇ ಐತೆ. ಹಳೇ ಸಾಲಿನಿಂದ ಮೂರು ಬೆರಳು ಸರಿದು ಹೊಸ ಸಾಲು ಎಳೆದು ಬೀಜ ಬಿಡಿ, ಸಾಕು."

ಮರುದಿನ ಹೊನ್ನಕ್ಕ ಬೀಜ ಕೊಳ್ಳಲು ಅಂಗಡಿಗೆ ಹೋದಳು. ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ಬೀಜ ಚೆನ್ನಾಗಿತ್ತು, ನಾನೇ ಕೆಡಿಸಿದ್ದು" ಎಂದಳು. ಅಷ್ಟಕ್ಕೇ ಮನಸ್ಸು ಒಪ್ಪಲಿಲ್ಲ. ಪ್ಯಾಕೆಟ್ ಬಿಟ್ಟುಹೋಗಿದ್ದವರಲ್ಲಿ ಒಬ್ಬ ಅವಳದೇ ಊರಿನ ಓಬಳಯ್ಯ. ಅವನ ಮನೆಗೂ ಹೋಗಿ ಹೇಳಿದಳು.

ಓಬಳಯ್ಯ ಆಗಲೇ ಕೊರಟಗೆರೆಯಿಂದ ಬೀಜ ತಂದಿದ್ದ. "ಮುಂದಿನ ಸಲ ಸಾಬ್ರ ತಾವೇ ತಗೊಂಡ್ರಾಯ್ತು ಬುಡಕ್ಕ" ಎಂದ.

ಹೊಸ ಸಾಲಿನ ಜೋಳ ಏಳನೇ ದಿನ ಮೇಲೆ ಬಂತು. ಕೊಯ್ಲು ಎರಡು ವಾರ ತಡವಾಯಿತು. ಕೊನೆಯ ಮಳೆ ಕೈಕೊಟ್ಟದ್ದರಿಂದ ತೆನೆಗಳು ಹೋದ ವರ್ಷಕ್ಕಿಂತ ಸಣ್ಣವು. ಆದರೂ ಕಾಳು ತುಂಬಿತ್ತು. ಅಷ್ಟರಲ್ಲಿ ಪಾಲಣ್ಣನ ಕೈ ಕೂಡಿತ್ತು. ಇಬ್ಬರೂ ಸೇರಿಯೇ ತೆನೆ ಮುರಿದರು.