ಕಪಾಟಿನ ವಿಕೆಟ್ ಕೀಪರ್

"ಬಾಗಲಷ್ಟ ಕೊಡ್ರಿ ಸರ," ಅಂದ ಅಂಬಾದಾಸ. "ಕಪಾಟು ನೀವ ಇಟ್ಕೋರಿ."

ಪುನೀತ ಕೈಯಲ್ಲಿದ್ದ ಪ್ಯಾಕಿಂಗ್ ಟೇಪು ಕೆಳಗಿಟ್ಟ. ಮಂಡ್ಯದ ಈ ಐಟಿ ಹುಡುಗ ಯೆರವಡಾದ ಬಾಡಿಗೆ ಫ್ಲ್ಯಾಟು ಖಾಲಿ ಮಾಡುತ್ತಿದ್ದ. ಹಳೆಯ ಕಬ್ಬಿಣದ ಕಪಾಟೊಂದನ್ನು ಮಾರಲು ಮೊಬೈಲಿನಲ್ಲಿ ಫೋಟೋ ಹಾಕಿದ್ದ.

"ಬಾಗಿಲು ಕೊಟ್ಬಿಟ್ರೆ ಉಳಿದಿದ್ದನ್ನ ಬೀರು ಅಂತ ಯಾರ್ ಸರ್ ತಗೋತಾರೆ?"

ಅಂಬಾದಾಸನ ಕಣ್ಣು ಬಾಗಿಲಿನ ಒಳಮೈಗೆ ನೆಟ್ಟಿತ್ತು. ಯಾವ ಕಾಲದಲ್ಲೋ ಯಾರ ಮನೆಯ ಪೋರನೋ ಅಂಟು ಹಚ್ಚಿ ಮೆತ್ತಿದ್ದ ವಿಕೆಟ್ ಕೀಪರ್ ಅಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಚಿಕ್ಕಂದಿನಲ್ಲಿ ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಕಾರ್ಡುಗಳ ಸೆಟ್ಟಿನಲ್ಲಿ ಅಂಬಾದಾಸನ ಕೈಗೆ ಸಿಗದೆ ಉಳಿದವನು ಇವನೊಬ್ಬನೇ.

ದೊಡ್ಡವನಾದ ಮೇಲೆ ಆ ಸೆಟ್ಟನ್ನು ಮತ್ತೆ ಕೂಡಿಸಲು ಹೊರಟರೆ, ಚೊಕ್ಕ ಕಾರ್ಡುಗಳ ದರ ಕೇಳಿ ತಲೆ ತಿರುಗುತ್ತಿತ್ತು. ಹಾಗಾಗಿ ಅವನು ಗಾಯಾಳುಗಳನ್ನೇ ಆರಿಸಿ ಕೊಂಡಿದ್ದ. ಆರಂಭಿಕ ಬ್ಯಾಟ್ಸ್‌ಮನ್‌ಗೆ ಯಾರೋ ಬಾಲ್‌ಪೆನ್ನಿನ ಮೀಸೆ ಬರೆದಿದ್ದರು. ಸ್ಪಿನ್ನರನ ಬೌಲಿಂಗ್ ಕೈಯನ್ನು ಇಲಿ ತಿಂದಿತ್ತು. ನಾಯಕನ ಬೆನ್ನಿಗೆ ಆಗಿನ ಕಾಲದ ಗಮ್ ಇನ್ನೂ ಅಂಟಿಕೊಂಡಿತ್ತು. ಅಂಬಾದಾಸನ ಖಡಕಿಯ ಕ್ವಾರ್ಟರ್ಸಿನಲ್ಲಿ, ಲೋಣಾವಳಾ ಚಿಕ್ಕಿಯ ಖಾಲಿ ಡಬ್ಬಿಗಳಲ್ಲಿ, ಈ ದವಾಖಾನೆ ಟೀಮು ಮನೆಯ ಒಂದೇ ಒಂದು ಹಲಗೆಯನ್ನು ಹಿಡಿದು ಕೂತಿತ್ತು. ಹೆಂಡತಿ ಶೀತಲಳ ಸೀರೆಗಳು ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ. "ಅವರಿಗೆ ಪೆವಿಲಿಯನ್ನು, ನಮಗ ಗಲ್ಲು," ಅನ್ನುತ್ತಿದ್ದಳು. ಕಪಾಟು ಕೇಳಿದಾಗೆಲ್ಲ ಅಂಬಾದಾಸ ರೇಡಿಯೊ ವಾರ್ತೆಯ ದನಿ ತೆಗೆದು, "ಈ ಸಾಲಿನ ಬಜೆಟ್‌ನಲ್ಲಿ ಅವಕಾಶವಿಲ್ಲ," ಎಂದು ನಗಿಸಲು ನೋಡುತ್ತಿದ್ದ. ಇತ್ತೀಚೆಗೆ ಅವಳು ನಗುವುದನ್ನೂ ಕೇಳುವುದನ್ನೂ ಬಿಟ್ಟಿದ್ದಳು.

ಅಂಬಾದಾಸ ಕಾರ್ಡಿನ ತುದಿಗೆ ಉಗುರು ಹಾಕಿದ.

"ಕಿತ್ರೆ ಹರಿದೋಗುತ್ತೆ ಸರ್. ಪ್ಯಾಕೇಜ್ ಡೀಲ್ ಅನ್ಕೊಳ್ಳಿ. ಕಾರ್ಡ್ ತಗೊಂಡ್ರೆ ಬೀರು ಅಟ್ಯಾಚ್‌ಮೆಂಟು."

ಮನೆಯಲ್ಲಿ ಕೆಟಲಿನ ಉಗಿ ಹಿಡಿದರೆ ಅಂಟು ತಾನೇ ಬಿಡುತ್ತದೆ. ಆಮೇಲೆ ಕಪಾಟನ್ನು ಗುಜರಿಗೆ ಹಾಕಿದರಾಯಿತು. ಕಾರ್ಡಿಗೆಂದು ಕೂಡಿಟ್ಟದ್ದೆಲ್ಲ ಪುನೀತನ ಕೈಸೇರಿತು.

ಟೆಂಪೋದಲ್ಲಿ ಕಪಾಟನ್ನು ತಬ್ಬಿ ನಿಂತು, ಹೆಂಡತಿಗೆ ಏನು ಹೇಳುವುದೆಂದು ತಾಲೀಮು ನಡೆಸಿದ. ಮೊದಲು ವಾರ್ತೆಯ ದನಿ: "ಅನಿವಾರ್ಯ ಕಾರಣಗಳಿಂದ ಕಬ್ಬಿಣದ ಕಪಾಟೊಂದು ಮನೆಗೆ ಆಗಮಿಸಿದೆ." ಬೇಡ. ಆಮೇಲೆ ಮಾವನ ದನಿ: "ಅಳಿಯಂದ್ರು ಏನ ಮಾಡಿದ್ರೂ ವಿಚಾರ ಮಾಡೇ ಮಾಡ್ತಾರವಾ." ಇದನ್ನು ಮಾವನೇ ನಂಬುವುದಿಲ್ಲ.

"ಕಾಯ್ ಝಾಲಂ, ಸಾಹೇಬ?" ಏನಾಯಿತೆಂದು ಡ್ರೈವರ್ ಮರಾಠಿಯಲ್ಲಿ ಕೇಳಿ ತಿರುಗಿ ನೋಡಿದ.

"ಕಾಹೀ ನಾಹೀ. ಪ್ರ್ಯಾಕ್ಟೀಸ್."

ಬಾಗಿಲಲ್ಲಿ ನಿಂತ ಶೀತಲ ಕಪಾಟನ್ನು ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ಕಪಾಟನ್ನು ನೋಡಿದಳು.

"ಇದು ಹೆಂಗ ಆತಂದ್ರ..." ಅಂಬಾದಾಸ ಶುರುಮಾಡಿದ.

"ಏನೂ ಹೇಳಬ್ಯಾಡ್ರಿ," ಅಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸುಮ್ ಸುಮ್ನ ಬಜೆಟ್ಟು ಬಜೆಟ್ಟು ಅಂತ ಚಾಷ್ಟಿ ಮಾಡಿ, ಒಳಗಿಂದೊಳಗ ರೊಕ್ಕ ಕೂಡಸ್ಲಿಕತ್ತಿದ್ರಿ?"

ಕಪಾಟಿನ ಒಳಗಿನ ಕಪಟವನ್ನು ಹೇಳಲು ಅಂಬಾದಾಸನಿಗೆ ಇದ್ದಬದ್ದ ಯಾವ ದನಿಯೂ ಒದಗಲಿಲ್ಲ. ಅಷ್ಟರಲ್ಲಿ ಅವಳು ತೆಂಗಿನಕಾಯಿ, ಅರಿಶಿನ, ಕುಂಕುಮ ಹಿಡಿದು ಬಂದಳು. ಹೊಸ ಸಾಮಾನಿಗೆ ಪೂಜೆಯಾಗದೆ ಕೈ ಹಚ್ಚುವಂತಿಲ್ಲ. ಹೊರಗೆ ಐದು ಬೊಟ್ಟು ಇಟ್ಟು ಬಾಗಿಲು ತೆರೆದಳು.

"ಅಯ್ಯ, ಯಾರ್ರಿ ಇವರು? ಕಪಾಟಿನ ಮಾಲಕರ ಮನಿ ಹಿರೇರೇನು? ಪಾಪ, ಪ್ರಸಾದಕ್ಕ ಎರಡೂ ಕೈ ಒಡ್ಡಿ ಕುಂತಾರ."

ನಿಜ ಹೇಳಬೇಕಾದ ಬಾಯಿ "ಹೂಂ" ಅಂದಿತು.

ಒದ್ದೆ ಕುಂಕುಮ ವಿಕೆಟ್ ಕೀಪರನ ಹಣೆಗೆ ಬಿತ್ತು. ಟೋಪಿಯ ಅಂಚಿನಿಂದ ಮೂಗಿನವರೆಗೆ ಕೆಂಪಗೆ ಇಳಿಯಿತು. ಅಂಬಾದಾಸ ಕಣ್ಣು ಮುಚ್ಚಿಕೊಂಡ. ಅವನಿಗೂ ಭಕ್ತಿ ಬಂತೆಂದು ಶೀತಲಳಿಗೆ ಅನ್ನಿಸಿತು.

"ಇವರನ್ನ ಇಲ್ಲಿಂದ ಎಬ್ಬಸಬ್ಯಾಡ್ರಿ ಮತ್ತ," ಅಂದಳು. "ಇವರ ಪುಣ್ಯದಿಂದನ ನಮ್ಮನಿಗೆ ಕಪಾಟು ಬಂದದ."

ಸಂಜೆಯ ಹೊತ್ತಿಗೆ ಸೀರೆಗಳೆಲ್ಲ ಮಡಿಕೆಯಾಗಿ ಒಳಗೆ ಕೂತವು. ಚಿಕ್ಕಿ ಡಬ್ಬಿಗಳನ್ನೂ ಅವಳೇ ಎತ್ತಿ ಕೆಳಗಿನ ಅಂಕಣದಲ್ಲಿ ಸಾಲಾಗಿ ಇಟ್ಟು, ಒಂದರ ಧೂಳನ್ನು ಸೆರಗಿನಿಂದ ಒರೆಸಿದಳು.

ಮರುದಿನ ಬೆಳಿಗ್ಗೆ ಅಂಬಾದಾಸ ಬೇಗ ಎದ್ದು ಕೆಟಲು ಕಾಯಿಸಿದ. ಬುಸುಗುಡುವ ಕೆಟಲು ಹಿಡಿದು ಕಪಾಟಿನ ಮುಂದೆ ನಿಂತ. ಹಣೆ ತುಂಬ ಕುಂಕುಮ ಹೊತ್ತ ಕೀಪರ್ ಎರಡೂ ಕೈ ಒಡ್ಡಿಕೊಂಡು ಅವನನ್ನೇ ನೋಡುತ್ತಿದ್ದ. ಅವನ ಕೈಗವಸಿನ ಸಂದಿನಲ್ಲಿ ಶೀತಲ ಒಂದು ಮಲ್ಲಿಗೆ ಸಿಕ್ಕಿಸಿದ್ದಳು.

"ಚಾ ಮಾಡ್ಲಿಕತ್ತೀರೇನ್ರಿ?" ಒಳಗಿನಿಂದ ಅವಳ ನಿದ್ದೆಗಣ್ಣಿನ ದನಿ.

"ಹೂಂ," ಅಂದ. "ನಿನಗೂ ಹಾಕ್ತೀನಿ."

ಮೆಲ್ಲಗೆ ಬಾಗಿಲು ಮುಚ್ಚಿದ. ಕೀಪರ್ ಒಳಗೆ, ತನ್ನ ಟೀಮಿನ ಪಕ್ಕಕ್ಕೆ ಸರಿದ. ಒಮ್ಮೆ ತೆರೆದು ನೋಡಿ, ಮತ್ತೆ ಮುಚ್ಚಿದ. ತಲೆಯ ಮೇಲೆ ಖಾಲಿ ಹಗ್ಗ ಕೆಟಲಿನ ಉಗಿಗೆ ಸಣ್ಣಗೆ ಅಲ್ಲಾಡುತ್ತಿತ್ತು.