ಶರಾವತಿ ಸವರಿದ ಮತ್ತಿಮರ

ಧನ್ಯಶ್ರೀ ಹಿತ್ತಿಲಲ್ಲಿ ಕೂತು, ಸೊಪ್ಪು ಕಡಿಯುವ ಕತ್ತಿಯನ್ನು ಕಲ್ಲಿಗೆ ಉಜ್ಜುತ್ತಿದ್ದಳು. ನೋಡಿದವರು ಮಸೆಯುತ್ತಿದ್ದಾಳೆ ಅಂದುಕೊಳ್ಳಬೇಕು. ಆದರೆ ಅವಳು ಕತ್ತಿಯ ಬಾಯಿಯನ್ನು ಅಡ್ಡಡ್ಡ ಉಜ್ಜಿ ಮೊಂಡು ಮಾಡುತ್ತಿದ್ದಳು.

ಇದಕ್ಕೆಲ್ಲ ಕಾರಣ ಮೇಳಿಗೆಯ ಬೋಳುಗುಡ್ಡದ ಮೇಲಿನ ಮತ್ತಿಮರ. ಮಣ್ಣು ಹೆಸರಿಗೂ ಇಲ್ಲದ ಜಂಬಿಟ್ಟಿಗೆ ಕಲ್ಲಿನ ಬಿರುಕಿಗೆ ಬೇರಿಳಿಸಿ, ಹುಲ್ಲು ಕರಟುವ ಬಿಸಿಲಲ್ಲೂ ಸೊಂಟ ತಿರುಚಿ ನಿಂತಿತ್ತು ಅದು. ಶನಿವಾರ ತೀರ್ಥಹಳ್ಳಿಯಲ್ಲಿ ಚಿತ್ರಕಲಾ ಪ್ರದರ್ಶನ. ವಿಷಯ ‘ನಮ್ಮೂರ ಮರ’. ಎಂಟನೇ ತರಗತಿಗೇ ಶಾಲೆ ಬಿಟ್ಟ ಹುಡುಗಿ ಯಾರಿಗೂ ಹೇಳದೆ ಹೆಸರು ಕೊಟ್ಟಿದ್ದಳು. ಅವಳ ಚಿತ್ರದಲ್ಲಿ ಈ ಮರದ ತುದಿಯೊಂದು ಬಾಕಿ. ಅದಕ್ಕೆ ಇನ್ನೊಂದು ಬೆಳಗಿನ ಬಿಸಿಲು ಬೇಕಿತ್ತು. ಆದರೆ ಕೊಟ್ಟಿಗೆಗೆ ಹಾಸುವ ಸೊಪ್ಪು ಮುಗಿದಿತ್ತು. ಸುತ್ತಲಿನ ಮರಗಳನ್ನೆಲ್ಲ ಬೋಳಿಸಿ ಮುಗಿಸಿದ್ದ ಸೋದರತ್ತೆ ಶರಾವತಿಯ ಕಣ್ಣು ಇವತ್ತು ಇದರ ಮೇಲೆ ಬಿದ್ದಿತ್ತು.

ಧನ್ಯಶ್ರೀಯ ಜೊತೆ ಗುಡ್ಡಕ್ಕೆ ಬಂದದ್ದೇ ಅತ್ತೆ ಸರಸರ ಮರ ಹತ್ತಿ ಆ ಕತ್ತಿಯಿಂದ ನಾಲ್ಕೇಟು ಹಾಕಿದಳು. ತೊಗಟೆಗೆ ಕಚಗುಳಿಯಾಯಿತೇ ಹೊರತು ಕೊಂಬೆ ಅಲುಗಲಿಲ್ಲ.

“ಏನೇ ಇದು, ಕತ್ತೀನಾ ದೋಸೆ ಮಗುಚೋ ಸಟ್ಟುಗಾನಾ?”

“ಮರ ಗಟ್ಟಿ ಆಗಿರ್ಬೇಕತ್ತೆ.”

“ಇಪ್ಪತ್ತು ವರ್ಷದಿಂದ ಇಲ್ಲದ್ದು ಇವತ್ತೇ ಗಟ್ಟಿ ಆಯ್ತಾ?”

ಇಳಿದವಳಿಗೆ ಬಂಡೆಯ ಹಿಂದೆ ಧನ್ಯಶ್ರೀ ಒರಗಿಸಿಟ್ಟಿದ್ದ ಚಿತ್ರ ಕಂಡಿತು. ಚಿತ್ರವನ್ನೊಮ್ಮೆ ನೋಡಿದಳು, ಮರವನ್ನೊಮ್ಮೆ ನೋಡಿದಳು.

“ಓಹೋ, ಇದಕ್ಕಾ ಕತ್ತಿ ಮೊಂಡು ಮಾಡಿದ್ದು, ಕಳ್ಳಿ! ಅಲ್ವೇ, ಮರ ಯಾಕೆ ಸೊಟ್ಟ ಅಂತ ಯಾರಾದ್ರೂ ಕೇಳಿದ್ರೆ ಏನಂತೀಯೆ?”

“ಗಾಳಿಗೆ, ಬಿಸಿಲಿಗೆ…”

“ಗಾಳಿಗಂತೆ! ವರ್ಷಾ ವರ್ಷಾ ಸವರಿ ಸವರಿ ಸೊಟ್ಟ ಮಾಡಿದ್ದು ನಾನು. ನಾನು ಕಡಿದಲ್ಲಿ ಎದ್ದ ಗಂಟು ಎಲ್ಲಿ? ಎಡಗಡೆ ಮೂರಿದೆ, ಒಂದೂ ಹಾಕಿಲ್ಲ. ಬರಿ, ಬರಿ!”

ಚಂದ ಕೆಡುತ್ತದೆಂದೇ ಬಿಟ್ಟಿದ್ದ ಗಂಟುಗಳವು. ಧನ್ಯಶ್ರೀ ಮುಖ ಊದಿಸಿಕೊಂಡು ಕುಂಚ ಹಿಡಿದಳು. ಮೊದಲನೆಯ ಗಂಟು ಮೂಡಿತು, ಎರಡನೆಯದೂ ಮೂಡಿತು. ಮೂರನೆಯದಕ್ಕೆ ಮರ ಮುಷ್ಟಿ ಬಿಗಿದು ಜಗಳಕ್ಕೆ ನಿಂತ ಹಾಗಾಯಿತು. ಅವಳಿಗೇ ನಗು ಬಂತು. ಆ ಗುಂಗಿನಲ್ಲಿ, ಅತ್ತೆ ಕೆಳಗಿನ ಗದ್ದೆಯ ವರದಮ್ಮನ ಕತ್ತಿ ಇಸಿದುಕೊಂಡು ಬಂದದ್ದಾಗಲಿ, ಮರ ಹತ್ತಿದ್ದಾಗಲಿ ಅವಳಿಗೆ ತಿಳಿಯಲಿಲ್ಲ. ಹಾಳೆಯ ಪಕ್ಕಕ್ಕೇ ಸೊಪ್ಪಿನ ಕೊಂಬೆಯೊಂದು ದೊಪ್ಪನೆ ಬಿದ್ದಾಗಲೇ ತಲೆಯೆತ್ತಿದ್ದು.

“ಅತ್ತೇ!”

ಇನ್ನೊಂದು ಕೊಂಬೆ ಬಿತ್ತು.

“ಅತ್ತೇ, ತುದೀದು ಒಂದು ನಾಳೆ ಬೆಳಿಗ್ಗೆವರೆಗೆ ಬಿಡಿ.”

“ಬಿಟ್ಟೆ ಹೋಗು, ಆದ್ರೆ ಆ ಕತ್ತಿ ಇವತ್ತೇ ಮಸೆದಿಡು,” ಅಂದಳು ಅತ್ತೆ ಮೇಲಿನಿಂದಲೇ.